ಆಗಿ ಬರದ ಔಷಧಿ

ಇಲ್ಲವೆಂದು ತಲೆಯಾಡಿಸಿದ್ದು ತಾನೇ, ಒಪ್ಪಬೇಕಾದ ಮಾತು. ಆದರೆ ಆ ಹೊತ್ತಿನಲ್ಲಿ ಬಾಯೊಳಗೆ ಹತ್ತಿ ತುಂಬಿತ್ತು, ಕಣ್ಣಿಗೆ ನೇರವಾಗಿ ದೀಪ ಬಿದ್ದಿತ್ತು, ಕುರ್ಚಿ ಹಿಂದಕ್ಕೆ ವಾಲಿ ಪಾದಗಳು ತಲೆಗಿಂತ ಮೇಲಿದ್ದವು. ಅಂಥ ಭಂಗಿಯಲ್ಲಿ ಮನುಷ್ಯರು ಕೊಟ್ಟ ಉತ್ತರವನ್ನು ಉತ್ತರವೆಂದು ಹಿಡಿಯುವುದು ನ್ಯಾಯವಲ್ಲ ಎಂದು ಅವಳು ಸ್ಟುಡಿಯೋದ ಶಟರ್ ಎತ್ತುತ್ತ ತನ್ನೊಳಗೇ ವಾದ ಹೂಡಿದಳು. ಪೆನಿಸಿಲಿನ್ ಜಾತಿಯ ಔಷಧಿ ಆಗಿ ಬರಲ್ಲ ಅಂತೇನಾದರೂ ಇದೆಯಾ ಎಂದು ಹಲ್ಲಿನ ಡಾಕ್ಟರ್ ಕೇಳಿದ್ದ. ಅವಳಿಗಿಂತ ತೀರ ಚಿಕ್ಕವನು, ಅವನ ಮೊದಲ ಪಾಸ್‌ಪೋರ್ಟ್ ಫೋಟೋವನ್ನು ಅವಳೇ ತೆಗೆದಿದ್ದರೂ ತೆಗೆದಿರಬಹುದು. ಆ ಪ್ರಶ್ನೆಗೆ ಮುಂಚೆ ಅವನು ಅವಳಿಗೆ ಒಂದು ಸುತ್ತು ಪಾಠ ಮಾಡಿ ಮುಗಿಸಿದ್ದ. ಪಕ್ಕದಂಗಡಿಯ ಜೆರಾಕ್ಸ್, ಆ ಮನುಷ್ಯನನ್ನು ಬೀದಿಯೆಲ್ಲ ಕರೆಯುವುದೇ ಹಾಗೆ, ತನ್ನ ಮೇಜಿನ ಡ್ರಾಯರ್‌ನಿಂದ ಎತ್ತಿಕೊಟ್ಟ ಹಳೇ ಮಾತ್ರೆಗಳನ್ನು ಅವಳು ನುಂಗಿದ್ದಳು. ಅವನ ಕಿವಿನೋವಿಗೆ ಬರೆದುಕೊಟ್ಟದ್ದು, ಅವನು ಪೂರ್ತಿ ಮಾಡದೆ ಉಳಿಸಿದ್ದು, ಪಟ್ಟಿಯ ಮೇಲೆ ಔಷಧಿಯ ಹೆಸರಿದ್ದ ಭಾಗ ಕತ್ತರಿಗೆ ಸಿಕ್ಕಿ ಎಲ್ಲೋ ಹೋಗಿತ್ತು. ನೋವು ಇಳಿದ ಕೂಡಲೇ ಅವಳೂ ನಿಲ್ಲಿಸಿದಳು. ಈಗ ದವಡೆ ಮೊದಲಿನದಕ್ಕಿಂತ ದೊಡ್ಡದಾಗಿ ಊದಿ ಎಡಗಣ್ಣನ್ನು ಕೆಳಗಿನಿಂದ ಒತ್ತುತ್ತಿತ್ತು. ಬೇರೆಯವರ ಮಾತ್ರೆ, ಅದೂ ಅರ್ಧಂಬರ್ಧ, ಅದೂ ಯಾವುದೆಂದು ಗೊತ್ತಿಲ್ಲದ್ದು ಎಂದು ಡಾಕ್ಟರ್ ಅವಳ ಬಾಯೊಳಗೆ ಬೆರಳಿಟ್ಟುಕೊಂಡೇ ಹೇಳಿದ. ನೋವು ಹೋದ ಮಾತ್ರಕ್ಕೆ ರೋಗ ಹೋಯಿತು ಅಂತಲ್ಲಮ್ಮ ಎಂದ. ಅಮ್ಮ ಎಂದದ್ದು ಚುಚ್ಚಿತು. ಮೇಷ್ಟರ ಮುಂದೆ ಒಂದು ತಪ್ಪು ಒಪ್ಪಿಕೊಂಡ ಹುಡುಗಿ ಇನ್ನು ಯಾವ ತಕರಾರೂ ತೆಗೆಯಬಾರದು ಎಂದುಕೊಂಡಂತೆ, ಮುಂದಿನ ಪ್ರಶ್ನೆಗೆ ಅವಳು ಇಲ್ಲವೆಂದು ತಲೆಯಾಡಿಸಿಬಿಟ್ಟಳು.

ಇದು ಅರ್ಧ ನಿಜ. ಉಳಿದರ್ಧವನ್ನು ಅವಳು ಕನ್ನಡಿಯ ಮುಂದಿಟ್ಟ, ಡಾಕ್ಟರ್ ಬರೆದುಕೊಟ್ಟ ಔಷಧಿಯ ಪೊಟ್ಟಣದ ಜೊತೆ ಬಿಟ್ಟು, ಗಿರಾಕಿಗಳ ಬಾಚಣಿಗೆಯನ್ನು ಒರೆಸಿದಳು, ಗೂಟದಲ್ಲಿ ತೂಗಿದ್ದ ಕಪ್ಪು ಕೋಟಿನ ಹೆಗಲ ಧೂಳು ಕೊಡವಿದಳು. ಕೋಟಿಲ್ಲದೆ ಬಂದವರಿಗೆಲ್ಲ ಆ ಒಂದೇ ಕೋಟು; ಈ ಬೀದಿಯ ಅರ್ಧದಷ್ಟು ಜನ ಸರಕಾರದ ದಾಖಲೆಗಳಲ್ಲಿ ಒಂದೇ ಕೋಟಿನೊಳಗೆ ಕೂತಿದ್ದಾರೆ. ಬಿಳಿ ಪರದೆ, ಸ್ಟೂಲು, ಎರಡು ದೀಪ. ನೇರ ನೋಡಿ, ಕಿವಿ ಕಾಣಲಿ, ಬಾಯಿ ಮುಚ್ಚಿ, ನಗಬೇಡಿ. ದಿನವಿಡೀ ಇದನ್ನೇ ಹೇಳಿ ಹೇಳಿ, ಮನೆಗೆ ಬಂದ ನೆಂಟರಿಗೂ ಗಲ್ಲ ಸ್ವಲ್ಪ ಇಳಿಸಿ ಎನ್ನುವ ಹಂತಕ್ಕೆ ಬಂದಿದ್ದಳು. ಇವತ್ತು ಕನ್ನಡಿಯಲ್ಲಿ ಅವಳ ಮುಖವೇ ಯಾವ ನಿಯಮಕ್ಕೂ ಒಗ್ಗುತ್ತಿರಲಿಲ್ಲ. ಊದಿದ ಕೆನ್ನೆ ತುಟಿಯನ್ನು ಒಂದು ಬದಿಗೆ ಎಳೆದು, ಏನೋ ಗುಟ್ಟು ತಿಳಿದವಳಂತೆ ನಗಿಸಿತ್ತು. ಆ ನಗುವನ್ನು ಎಲ್ಲೋ ನೋಡಿದ್ದೇನೆ ಎಂದು ಅನ್ನಿಸಿದ ಕ್ಷಣವೇ ಅದು ಅಕ್ಕನ ನಗು ಎಂಬುದು ನೆನಪಾಗಿ ಅವಳು ಬೆನ್ನು ತಿರುಗಿಸಿದಳು.

ಕೆಮ್ಮು ಬಂದರೆ ಇಬ್ಬರಿಗೂ ಬರುತ್ತಿತ್ತು. ಅಮ್ಮ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದದ್ದಿಲ್ಲ. ಜೋರಾಗಿ ಕೆಮ್ಮುವವಳನ್ನು ಕರೆದೊಯ್ದು, ಬರೆಸಿಕೊಂಡ ಒಂದು ಬಾಟಲಿಯನ್ನು ಮನೆಯಲ್ಲಿ ಇಬ್ಬರಿಗೂ ಹಂಚುತ್ತಿದ್ದಳು. ಹುಟ್ಟಿದ ಹೊಟ್ಟೆಯೊಂದೇ ಆದಮೇಲೆ ಕೆಮ್ಮು ಬೇರೆ ಇದ್ದೀತೇ ಎಂಬುದು ಅವಳ ಲೆಕ್ಕ. ಗುಲಾಬಿ ಬಣ್ಣದ ಪುಡಿಗೆ ಕುದಿಸಿ ಆರಿಸಿದ ನೀರು ಹೊಯ್ದು, ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಗಡಿಯಾರ ಕೆಟ್ಟಿದೆಯೋ ಎಂದು ನೋಡುವವಳಂತೆ ಕುಲುಕುತ್ತಿದ್ದಳು. ಒಬ್ಬಳಿಗೆ ಸಾಲುವಷ್ಟನ್ನು ಇಬ್ಬರು ಕುಡಿದು, ಇಬ್ಬರೂ ಬೇಗ ಚೇತರಿಸಿಕೊಂಡು, ಇಬ್ಬರೂ ಮತ್ತೆ ಕೆಮ್ಮುತ್ತಿದ್ದರು. ಈ ಮಕ್ಕಳ ಮೈಯೇ ಸರಿಯಿಲ್ಲ ಎಂದು ಅಮ್ಮ ನಿಟ್ಟುಸಿರು ಬಿಡುತ್ತಿದ್ದಳು. ಅಕ್ಕ ಚಮಚವನ್ನು ನೆಕ್ಕಿ ಅವಳಿಗೆ ಕೊಡುವಳು, ಅವಳು ಮತ್ತೊಮ್ಮೆ ನೆಕ್ಕುವಳು. ಹಾಗೆ ಕುಡಿದ ಒಂದು ಮಧ್ಯಾಹ್ನ ಒಬ್ಬಳ ಮೈಮೇಲೆ ಕೆಂಪು ದದ್ದು ಎದ್ದು, ತುಟಿ ಊದಿ, ಉಸಿರು ಸೀಟಿ ಹೊಡೆಯತೊಡಗಿತು. ಅಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಇನ್ನೊಬ್ಬಳು ಬಾಗಿಲಲ್ಲಿ ನಿಂತಳು.

ಇಲ್ಲಿಯವರೆಗೆ ಸ್ಪಷ್ಟವಿದೆ. ಹೆಗಲ ಮೇಲಿದ್ದವಳು ಯಾರು ಎಂಬಲ್ಲಿ ತಕರಾರು. ಅವಳಿಗೆ ನೆನಪಿದೆ: ಅಮ್ಮನ ಬೆನ್ನ ಮೇಲಿಂದ ನೆಲ ತಲೆಕೆಳಗಾಗಿ ಓಡಿದ್ದು, ತನ್ನ ತುಟಿ ತನ್ನದಲ್ಲದ ಇನ್ಯಾರದ್ದೋ ತುಟಿಯಂತೆ ದಪ್ಪವಾಗಿ ನಾಲಗೆಗೆ ತಗುಲಿದ್ದು. ಆದರೆ ಇದೂ ನೆನಪಿದೆ: ಅಮ್ಮನ ಹೆಗಲ ಮೇಲೊಂದು ಊದಿದ ಮುಖ, ಕಣ್ಣು ಎರಡು ಗೀಟು, ಅದು ಬೀದಿಯ ತಿರುವಿನಲ್ಲಿ ಮರೆಯಾದದ್ದು, ಬಾಗಿಲ ಚೌಕಟ್ಟಿನ ಬಣ್ಣ ಉಗುರಿಗೆ ಸಿಕ್ಕಿ ಸುಲಿದು ಬಂದದ್ದು. ಫೋಟೋ ತೆಗೆಯುವವಳಾಗಿ ಅವಳಿಗೆ ಒಂದು ಸಂಗತಿ ಖಾತ್ರಿ: ಮುಖ ಕಾಣಬೇಕಾದರೆ ನೋಡುವವರು ಹೊರಗಿರಬೇಕು. ತನ್ನ ಮುಖ ತನಗೆ ಕಾಣುವ ನೆನಪು ನೆನಪಲ್ಲ, ಯಾರೋ ತೆಗೆದ ಚಿತ್ರ. ಹಾಗೆಂದು ಆ ತುಟಿಯ ದಪ್ಪವನ್ನು ಹೊರಗಿನಿಂದ ಯಾರು ತೆಗೆದಾರು?

ಇದನ್ನು ಬಗೆಹರಿಸಿದ್ದು ಅಮ್ಮನೇ. ಅವಳು ಮೊದಲ ಸಲ ಮನೆ ಬಿಟ್ಟು ಕೆಲಸಕ್ಕೆ ಹೊರಡುವಾಗ ಅಮ್ಮ ದಿಂಬಿಗೆ ಚೀಲ ಹಾಕುತ್ತಿದ್ದಳು. ದಿಂಬನ್ನು ಗಲ್ಲದ ಕೆಳಗೆ ಒತ್ತಿ ಹಿಡಿದೇ ಹೇಳಿದಳು: ಆ ಔಷಧಿ ನಿನಗೆ ಆಗಿ ಬರಲ್ಲ, ಎಲ್ಲಿಗೆ ಹೋದರೂ ಮೊದಲು ಅದನ್ನ ಹೇಳು, ಅಕ್ಕನ ಮುಂದೆ ಮಾತ್ರ ಎತ್ತಬೇಡ, ನೆನಸಿಕೊಂಡರೆ ಹೆದರುತ್ತಾಳೆ. ಇಡೀ ಬಾಲ್ಯದಲ್ಲಿ ಅರ್ಧವಲ್ಲದೆ ಪೂರ್ತಿಯಾಗಿ ತನಗೆ ಸಿಕ್ಕಿದ್ದು ಅದೊಂದೇ ಎಂದು ಅವಳಿಗೆ ಅನ್ನಿಸಿತ್ತು. ಹೊಸ ಊರಿನ ಡಾಕ್ಟರುಗಳಿಗೆಲ್ಲ, ಕೇಳದಿದ್ದರೂ, ತುಸು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಳು, ಒಳ್ಳೆಯ ಮನೆತನದವರು ಊರ ಹೆಸರು ಹೇಳಿಕೊಳ್ಳುವ ಹಾಗೆ.

ಆಮೇಲೆ ಅಮ್ಮ ಆಸ್ಪತ್ರೆ ಸೇರಿದಳು. ಅಮ್ಮ ಬಾಯಿ ತೆರೆದು ನಿದ್ದೆಯಲ್ಲಿದ್ದಳು. ಮಂಚದ ಆ ಬದಿ ಅಕ್ಕ, ಈ ಬದಿ ಅವಳು. ನರ್ಸ್ ಬಂದು ಇವರಿಗೆ ಯಾವುದಾದರೂ ಔಷಧಿ ಆಗಿ ಬರಲ್ವಾ, ಮನೇಲಿ ಯಾರಿಗಾದರೂ ಹಾಗಿದೆಯಾ ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ನನಗೆ ಎಂದರು. ಅಮ್ಮ ಖುದ್ದಾಗಿ ಹೇಳಿದ್ದಾಳೆ ಎಂದು ಇವಳು, ಅಮ್ಮ ಹೇಳಿದ್ದು ನನಗೆ ಎಂದು ಅಕ್ಕ. ನರ್ಸ್ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿದಳು. ಆಗ ಅಕ್ಕ ಅವಳ ಕಡೆ ನೋಡದೆ ನರ್ಸಿಗೇ ಹೇಳಿದಳು: "ಇವಳಿಗೆ ಚಿಕ್ಕಂದಿನಿಂದ ನನ್ನದೇ ಆಗಬೇಕು. ನನ್ನ ರಿಬ್ಬನ್ನು, ನನ್ನ ಫ್ರಾಕು. ಈಗ ನನ್ನ ಕಾಯಿಲೆನೂ." ನರ್ಸ್ ನಕ್ಕುಬಿಟ್ಟಳು. ಕೆಟ್ಟ ನಗುವಲ್ಲ, ದಣಿದವರ ನಗು. ಆದರೆ ಅವಳಿಗೆ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯೇರಿತು. ಆಯ್ತು, ನೀನೇ ಇಟ್ಕೋ ಎಂದು ಎದ್ದು ಹೊರಗೆ ಬಂದಳು. ಅಮ್ಮ ತೀರಿಕೊಂಡ ಮೇಲೆ ಬಂದವರೆಲ್ಲ ಅಕ್ಕತಂಗಿಯರು ಎಷ್ಟು ಗಟ್ಟಿ ಮನಸ್ಸಿನವರು ಎಂದು ಹೊಗಳಿದರು. ಇಬ್ಬರೂ ಮಾತು ಬಿಟ್ಟಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ. ಅಂದಿನಿಂದ ಅಕ್ಕನ ಸುದ್ದಿ ಚಿಕ್ಕಮ್ಮನ ಬಾಯಿಂದ ಬರುತ್ತದೆ, ಸೋಸಿ, ಸಕ್ಕರೆ ಹಾಕಿ.

ಹಾಗಾಗಿ ಬೆಳಿಗ್ಗೆ ಆ ಕುರ್ಚಿಯಲ್ಲಿ ತಲೆಯಾಡಿಸಿದ್ದು ಹತ್ತಿಯ ದೆಸೆಯಿಂದಲ್ಲ, ಸಂಕೋಚದಿಂದಲೂ ಅಲ್ಲ. ನೀನೇ ಇಟ್ಕೋ ಎಂದವಳು ಡಾಕ್ಟರ ಮುಂದೆ ನನ್ನದು ಅನ್ನುವುದು ಹೇಗೆ?

ಹೊತ್ತೇರಿತು, ದವಡೆ ನಾಡಿಯಂತೆ ಬಡಿಯತೊಡಗಿತು. ಜೆರಾಕ್ಸ್ ಹಣಕಿ ನೋಡಿ, ಇನ್ನೂ ನುಂಗಿಲ್ವಾ ಎಂದ. ಅನುಮಾನವಿದೆ ಎಂದಷ್ಟೇ ಅವಳು ಹೇಳಿದಳು, ಕಥೆಯನ್ನಲ್ಲ. ಅನುಮಾನಕ್ಕೆ ಮದ್ದು ನುಂಗಿ ನೋಡೋದೇ ಮೇಡಂ, ಆದರೆ ಆಯ್ತು, ಆಗದಿದ್ರೆ ಗೊತ್ತಾಯ್ತು ಎಂದು ತನ್ನ ಜೋಕಿಗೆ ತಾನೇ ನಕ್ಕು, ಅವನ ಯಂತ್ರ ಕೂಗಿದ್ದರಿಂದ ಓಡಿದ. ಆ ಮಾತು ಹೋಗದೆ ಉಳಿಯಿತು. ಆಗದಿದ್ದರೆ ಗೊತ್ತಾಗುತ್ತದೆ. ಮೈಮೇಲೆ ದದ್ದೆದ್ದು, ತುಟಿ ಊದಿ, ಉಸಿರು ಸೀಟಿ ಹೊಡೆದರೆ ಯಾರೂ ಇನ್ನು ಅವಳನ್ನು ಕದ್ದವಳು ಎನ್ನುವ ಹಾಗಿಲ್ಲ. ಜೆರಾಕ್ಸ್ ಅವಳ ಫೋನಿನಲ್ಲಿ ಹುಡುಕುತ್ತಾನೆ, ಅಕ್ಕ ಎಂದು ಬರೆದದ್ದು ಮೊದಲಿಗೇ ಸಿಗುತ್ತದೆ. ಅಕ್ಕ ಬರುತ್ತಾಳೆ. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು, ತಲೆ ಬಾಚದೆ, ದಾರಿಯುದ್ದಕ್ಕೂ ಬೈದುಕೊಂಡು ಬರುತ್ತಾಳೆ. ಮಂಚದ ಆ ಬದಿಯಲ್ಲಲ್ಲ, ತನ್ನ ಪಕ್ಕದಲ್ಲೇ ಕೂರುತ್ತಾಳೆ. ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಅದು ಎದ್ದು ಹೋಗದೆ, ಕರೆಯದೆ ಬಂದ ಗಿರಾಕಿಯಂತೆ ಸ್ಟೂಲಿನ ಮೇಲೆ ಕೂತು ಅವಳನ್ನೇ ನೋಡುತ್ತಿತ್ತು.

ಅವಳು ಒಂದು ಕ್ಯಾಪ್ಸೂಲನ್ನು ಒತ್ತಿ ತೆಗೆದಳು. ಅರ್ಧ ಕೆಂಪು, ಅರ್ಧ ಹಳದಿ. ಬಾಯಿಗೆ ಹಾಕಿಕೊಂಡು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು, ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬ ಬಸ್ ಡ್ರೈವರ್ ಬಂದ, ಲೈಸೆನ್ಸಿಗೆ ಫೋಟೋ ಬೇಕು, ಡ್ಯೂಟಿಗೆ ಹೊತ್ತಾಯಿತು ಎಂದ. ಕೇಳದೆಯೇ ಕಪ್ಪು ಕೋಟು ಏರಿಸಿಕೊಂಡು ಸ್ಟೂಲಿನ ಮೇಲೆ ಕೂತ. ಅವಳು ಕೈಸನ್ನೆಯಲ್ಲೇ ಗಲ್ಲ ಇಳಿಸಿ ಎಂದಳು, ಕ್ಯಾಮೆರಾದ ಹಿಂದೆ ನಿಂತಳು. ಕ್ಯಾಪ್ಸೂಲು ಮೆತ್ತಗಾಗಿ ಅಂಗುಳಕ್ಕೆ ಅಂಟಿಕೊಂಡಿತು. ಬಾಯಿ ಮುಚ್ಚಿ ಎನ್ನಲು ಹೋಗಿ ಬಾಯ್ ಮುಚ್ ಎಂದಾಯಿತು. ಆತ ಅವಳ ಕೆನ್ನೆ ನೋಡಿ, "ನೀವೂ ಒಂದು ತೆಗೆಸ್ಕೊಳ್ಳಿ ಮೇಡಂ, ಬಲಗಡೆಯಿಂದ ಚೆನ್ನಾಗೇ ಕಾಣ್ತೀರಿ" ಎಂದ, ಗಂಭೀರವಾಗಿಯೇ. ಕ್ಯಾಮೆರಾದ ಕಿಂಡಿಯೊಳಗೆ ಅವನ ಮುಖ ಇತ್ತು: ದೊಡ್ಡ, ದಯೆಯುಳ್ಳ, ನಗು ಅದುಮಿಟ್ಟ ಮುಖ. ಒಂದು ಗುಟುಕು ನೀರು ಕುಡಿದರೆ ಈತ ಈ ಕೋಟಿನಲ್ಲೇ ತನ್ನನ್ನು ಎತ್ತಿಕೊಂಡು ಓಡಬೇಕಾದೀತು ಎಂದು ಅವಳಿಗೆ ಹೊಳೆಯಿತು. ಅವನ ಹೆಗಲು ಬಸ್ಸಿನ ಸ್ಟಿಯರಿಂಗ್ ತಿರುಗಿಸಿ ಅಗಲವಾಗಿತ್ತು, ಓಡಿಯಾನು. ಆದರೆ ಈತ ಯಾರು? ತನಗೆ ಬೇಕಾದ ಹೆಗಲು ಇದಲ್ಲ. ಅವಳು ಒಂದು ನಿಮಿಷ ಎಂದು ಕೈಯೆತ್ತಿ, ಹಿಂದಿನ ತೊಟ್ಟಿಗೆ ಹೋಗಿ, ಬೆರಳು ಹಾಕಿ ಅದನ್ನು ಬಿಡಿಸಿ ಉಗಿದಳು. ಕೆಂಪು ಬಣ್ಣ ಅಂಗೈಗೆ ಹತ್ತಿತ್ತು; ಚಿಪ್ಪು ಒಡೆದಿರಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಫೋಟೋ ತೆಗೆದಳು. ಡ್ರೈವರ್ ತನ್ನ ಚಿತ್ರ ನೋಡಿ, ಯಾರನ್ನೋ ಕೊಂದವನ ಹಾಗಿದ್ದೇನಲ್ಲ, ಪರವಾಗಿಲ್ಲ, ಪ್ರಯಾಣಿಕರು ಹೆದರಲಿ ಎಂದು ಹೋದ.

ಆಮೇಲೆ ಅವಳು ಅಕ್ಕನಿಗೆ ಫೋನ್ ಮಾಡಿದಳು. ಮಾಡುವ ಮುಂಚೆ ಮೊದಲ ವಾಕ್ಯವನ್ನು ನಾಲ್ಕಾರು ರೀತಿ ಜೋಡಿಸಿದ್ದಳು, ಯಾವುದರಲ್ಲೂ ಬಗ್ಗಿದಂತೆ ಕಾಣಬಾರದು, ಸೆಟೆದಂತೆಯೂ ಕಾಣಬಾರದು. ಅಕ್ಕ ಹಲೋ ಎನ್ನಲಿಲ್ಲ. ಉಸಿರು ಕೇಳಿಸಿತು, ಹಿಂದೆ ನಲ್ಲಿಯ ಸದ್ದು ಕೇಳಿಸಿತು, ನಲ್ಲಿ ನಿಂತಿತು. ಹಲ್ಲು ಊದಿದೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾನೆ ಎಂದಳು ಇವಳು, ಜೋಡಿಸಿದ್ದ ವಾಕ್ಯಗಳೆಲ್ಲ ಚದುರಿ.

"ಬಾಯಲ್ಲಿ ಏನಾದ್ರೂ ಇಟ್ಕೊಂಡು ಮಾತಾಡ್ತಿದೀಯಾ?"

"ಇಲ್ಲ. ಊದಿರೋದೇ ಹಾಗೆ."

ಯಾವ ಬದಿ ಎಂದು ಅಕ್ಕ ಕೇಳಿದಳು. ಎಡ ಎಂದಳು. ಅಮ್ಮನಿಗೂ ಹಲ್ಲು ಊದುತ್ತಿದ್ದದ್ದು ಎಡಕ್ಕೇ ಎಂದಳು ಅಕ್ಕ, ಯಾವ ಸಂಬಂಧವೂ ಇಲ್ಲದೆ. ಮಾತ್ರೆ ಆ ಜಾತಿಯದು ಎಂದು ಇವಳು ಕೊನೆಗೆ ಹೇಳಿದಳು. ಅಕ್ಕನ ದನಿ ಗಟ್ಟಿಯಾಯಿತು, ಅದು ನನಗೆ ಎಂದು ಶುರುಮಾಡುತ್ತಿದ್ದಳು. ಇವಳು ಅಡ್ಡ ಬಂದು, ಜಗಳಕ್ಕೆ ಮಾಡಿದ್ದಲ್ಲ, ಅಮ್ಮ ನಿನಗೆ ಹೇಳಿದ್ದು ಯಾವಾಗ, ಅದನ್ನಷ್ಟೇ ಹೇಳು ಎಂದಳು. ಅಕ್ಕ ಬೇಕೋ ಬೇಡವೋ ಎಂಬಂತೆ ಹೇಳಿದಳು. ಮದುವೆಯಾಗಿ ಹೊರಡುವಾಗ. ಅಮ್ಮ ಪೆಟ್ಟಿಗೆಯ ಮೇಲೆ ಕೂತು ಅದರ ಬಾಯಿ ಮುಚ್ಚಲು ನೋಡುತ್ತಿದ್ದಳು. ಆ ಔಷಧಿ ನಿನಗೆ ಆಗಿ ಬರಲ್ಲ, ಎಲ್ಲಿಗೆ ಹೋದರೂ ಮೊದಲು ಅದನ್ನ ಹೇಳು ಎಂದಳು.

"ತಂಗಿ ಮುಂದೆ ಮಾತ್ರ ಎತ್ತಬೇಡ, ನೆನಸಿಕೊಂಡರೆ ಹೆದರ್ತಾಳೆ," ಎಂದಳು ಇವಳು.

ಆ ತುದಿಯಿಂದ ನಗುವೋ ಕೆಮ್ಮೋ ಎಂದು ತಿಳಿಯದ ಒಂದು ಸದ್ದು. ಅಮ್ಮನಿಗೇ ನೆನಪಿರಲಿಲ್ಲ ಎಂದು ಇಬ್ಬರಲ್ಲಿ ಯಾರು ಮೊದಲು ಅಂದರೋ ಆಮೇಲೆ ಯೋಚಿಸಿದಾಗ ಅವಳಿಗೆ ಹೊಳೆಯಲಿಲ್ಲ. ಗಾಬರಿಯಲ್ಲಿ ಯಾರನ್ನು ಎತ್ತಿಕೊಂಡು ಓಡಿದಳೋ, ಔಷಧಿ ಬರೆಸಿದ್ದು ಯಾರ ಹೆಸರಲ್ಲೋ, ವರ್ಷಗಳ ಮೇಲೆ ಎಲ್ಲ ಕಲಸಿಹೋಗಿ, ಯಾವುದಕ್ಕೂ ಇರಲಿ ಎಂದು ಇಬ್ಬರಿಗೂ ಗುಟ್ಟಾಗಿ ಹೇಳಿಬಿಟ್ಟಿದ್ದಳು. ಎಲ್ಲವನ್ನೂ ಅರ್ಧ ಮಾಡುತ್ತಿದ್ದವಳು ಈ ಒಂದು ಹೆದರಿಕೆಯನ್ನು ಮಾತ್ರ ಇಬ್ಬರಿಗೂ ಇಡಿಯಾಗಿ ಬಡಿಸಿ ಹೋಗಿದ್ದಳು. ಅಕ್ಕ ಈಗ ನಿಜವಾಗಿ ನಗುತ್ತಿದ್ದಳು, ಮೂಗು ಸೇದುತ್ತ. ನಗು ನಡುವೆಯೇ ಕೇಳಿದಳು, ಡಾಕ್ಟರಿಗೆ ಏನು ಹೇಳಿದೆ?

ಇವಳು ಕಪ್ಪು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.

"ಏನು ಹೇಳಿದೆ ಅಂತ ಕೇಳ್ತಿದೀನಿ ಕಣೇ."

"ಇಲ್ಲ ಅಂದೆ."

"ಯಾಕೆ?"

"ನಿಂದು ಅಂದಿದ್ಯಲ್ಲ ನೀನು."

ನಗು ಅಲ್ಲಿಗೆ ತುಂಡಾಯಿತು. ನುಂಗಿದೆಯಾ ಎಂದು ಕೇಳಿದ ದನಿ ಅಕ್ಕನದಾಗಿರಲಿಲ್ಲ. ಅಷ್ಟು ತೆಳ್ಳಗೆ, ಅಷ್ಟು ಎತ್ತರದಲ್ಲಿ ಅಕ್ಕ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಉಗಿದೆ ಎಂದಳು. ಪೂರ್ತಿ ಉಗಿದೆಯಾ, ಬಾಯಿ ತೊಳೆದೆಯಾ, ಮೈ ಕಡಿಯುತ್ತಿದೆಯಾ, ಉಸಿರು ಸರಿಯಾಗಿದೆಯಾ, ಎಲ್ಲಿ ಜೋರಾಗಿ ಉಸಿರಾಡು ಕೇಳಿಸಿಕೊಳ್ಳುತ್ತೇನೆ ಎಂದಳು ಅಕ್ಕ. ಇವಳು ಖಾಲಿ ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ನಿಂತು ಫೋನಿನೊಳಕ್ಕೆ ಉಸಿರಾಡಿದಳು. ಅಕ್ಕ ಕೇಳಿಸಿಕೊಂಡಳು. ಇನ್ನೊಂದು ಸಲ ಎಂದಳು. ಇವಳು ಇನ್ನೊಂದು ಸಲ ಉಸಿರಾಡಿದಳು. ಎಷ್ಟು ಸಲ ಕೇಳಿದ್ದರೂ ಉಸಿರಾಡುತ್ತಿದ್ದಳು.

"ಇಲ್ಲಿ ಕೇಳು," ಎಂದಳು ಅಕ್ಕ. "ನಿನಗೇ ಆಗಿದ್ದು ಅದು. ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ನಿನ್ನ ಎತ್ಕೊಂಡು ಓಡಿದಳು, ನಾನು ನೋಡ್ತಾ ಇದ್ದೆ. ಈಗ ನೆನಪಾಯ್ತು."

"ನಿಜವಾಗ್ಲೂ?"

"ಮತ್ತೆ? ಈಗಲೇ ಹೋಗು. ಆ ಡಾಕ್ಟರಿಗೆ ನನಗೆ ಆಗಿ ಬರಲ್ಲ ಅಂತ ಹೇಳು. ಬೇರೆ ಏನಾದ್ರೂ ಕೊಡ್ತಾರೆ."

"ಹಾಗಾದ್ರೆ ನೀನು?"

"ನಾನು ಹೇಳ್ತಾನೇ ಇರ್ತೀನಿ. ಇಷ್ಟು ವರ್ಷ ಹೇಳಿ ಬಾಯಿಪಾಠ ಆಗಿದೆ. ಹೊರಡು."

ಹಲ್ಲಿನ ಡಾಕ್ಟರ್ ಈ ಸಲ ಕುರ್ಚಿ ವಾಲಿಸಲಿಲ್ಲ, ಎದುರಿಗೆ ಕೂರಿಸಿ ಮಾತಾಡಿದ. ಅವಳು ಬೆಳಿಗ್ಗೆ ಸುಳ್ಳು ಹೇಳಿದೆ ಎಂದು ಶುರುಮಾಡಿ, ಸುಳ್ಳು ಕೂಡ ಅಲ್ಲ ಎಂದು ತಿದ್ದಿ, ಚಿಕ್ಕವಳಿದ್ದಾಗ ಹಾಗಾಗಿತ್ತು, ತನಗೋ ಅಕ್ಕನಿಗೋ, ಒಬ್ಬರಿಗೆ ಎಂದಳು. ನಿಮ್ಮ ಅಕ್ಕ ಏನಂತಾರೆ ಎಂದ. ಈಗ, ಆಗಿದ್ದು ನಿನಗೇ ಅಂತಾಳೆ ಎಂದಳು. ಮೊದಲೇನಂತಿದ್ದರು ಎಂದ. ಮೊದಲು ತನಗೇ ಅಂತಿದ್ದಳು ಎಂದಳು. ಅವನು ಪೆನ್ನನ್ನು ಕೆಳಗಿಟ್ಟು, ನಗದಿರಲು ಶ್ರಮಪಟ್ಟು, ಗೊತ್ತಿಲ್ಲ ಅಂತ ಹೇಳಿದ್ದರೂ ಸಾಕಿತ್ತು, ಗೊತ್ತಿಲ್ಲ ಅನ್ನೋದೂ ನಮಗೆ ಉತ್ತರವೇ ಎಂದ. ಬೇರೆ ಜಾತಿಯ ಮಾತ್ರೆ ಬರೆದುಕೊಟ್ಟ. ಹಳೆಯದನ್ನು ಯಾರಿಗೂ ದಾನ ಮಾಡದೆ ಔಷಧಿ ಅಂಗಡಿಗೆ ಹಿಂತಿರುಗಿಸಿ ಎಂದ. ಇದನ್ನು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು, ಮೈಯಲ್ಲಿ ದದ್ದು ಎದ್ದರೆ ನಿಲ್ಲಿಸಿ ಫೋನ್ ಮಾಡಬೇಕು, ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗಬೇಕು ಎಂದ. ದವಡೆ ಇಳಿದ ಮೇಲೆ ಅಲರ್ಜಿಯ ಪರೀಕ್ಷೆ ಮಾಡಿಸಬಹುದು, ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರುಗಳು ಪಕ್ಕದಲ್ಲಿದ್ದುಕೊಂಡೇ ಮಾಡುತ್ತಾರೆ. ಚಿಕ್ಕಂದಿನ ಇಂಥ ಕಥೆಗಳಲ್ಲಿ ಎಷ್ಟೋ ಸಲ ಏನೂ ಇಲ್ಲ ಅಂತಲೇ ಬರುತ್ತದೆ. ಆದರೆ ಪರೀಕ್ಷೆ ಆಗುವವರೆಗೆ ಇದೆ ಅಂತಲೇ ನಡೆದುಕೊಳ್ಳಬೇಕು, ಇಬ್ಬರೂ.

ಬೀದಿಗೆ ಬಂದಾಗ ಬಿಸಿಲು ಊದಿದ ಕೆನ್ನೆಗೆ ಬಿತ್ತು. ಔಷಧಿ ಅಂಗಡಿಯವನು ಕೊಟ್ಟ ನೀರಿನಲ್ಲೇ ಹೊಸ ಮಾತ್ರೆಯನ್ನು ನುಂಗಿ, ಅಂಗಡಿಯ ಪಕ್ಕದ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಬೇಕೆಂದಿದ್ದ ಮಾತು ಸಿಕ್ಕಿತ್ತು. ಅಕ್ಕನ ಬಾಯಿಂದಲೇ, ನಿನಗೇ ಆಗಿದ್ದು ಎಂದು. ಈಗ ಕಣ್ಣು ಮುಚ್ಚಿದರೆ ಅಮ್ಮನ ಬೆನ್ನು, ತಲೆಕೆಳಗಾದ ನೆಲ, ದಪ್ಪ ತುಟಿ, ಎಲ್ಲವೂ ಅವಳದೇ. ಅಕ್ಕ ಮಾತ್ರ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಾಳೆ, ಚೌಕಟ್ಟು ಕೆರೆಯುತ್ತ. ಇಷ್ಟು ವರ್ಷ ಅದನ್ನು ಕಿತ್ತುಕೊಳ್ಳಲು ಹವಣಿಸಿದವಳಿಗೆ, ಸಿಕ್ಕ ಮೇಲೆ ಅದರೊಳಗೆ ಒಬ್ಬಳೇ ಇರಲು ಮನಸ್ಸಾಗಲಿಲ್ಲ. ಅಕ್ಕ ಎಷ್ಟು ಬೇಗ ಹೇಳಿದಳು, ಈಗ ನೆನಪಾಯ್ತು ಎಂದು. ಯಾವುದನ್ನೂ ಅಷ್ಟು ಬೇಗ ಬಿಟ್ಟುಕೊಟ್ಟವಳಲ್ಲ.

ಪರೀಕ್ಷೆಗೆ ಅಕ್ಕನನ್ನೂ ಕರೆಯಬೇಕು, ಇಬ್ಬರೂ ಒಂದೇ ದಿನ ಹೋಗಬೇಕು ಎಂದುಕೊಂಡಳು. ತನ್ನಲ್ಲಿ ಏನೂ ಇಲ್ಲವೆಂದೇ ಬರಲಿ ಎಂದು, ದವಡೆಯನ್ನು ಅಂಗೈಯಲ್ಲಿ ಹಿಡಿದು, ದೇವರನ್ನು ಬೇಡುವವಳಂತೆ ಬೇಡಿಕೊಂಡಳು. ಆಗ ಅಕ್ಕ ಹೇಳಿದ್ದು ಸುಳ್ಳೆಂದು, ತನಗಾಗಿಯೇ ಹೇಳಿದ ಸುಳ್ಳೆಂದು ಖಾತ್ರಿಯಾಗುತ್ತದೆ.